ಶರಣಪ್ಪಂದಿರ ನಡುವೆ ತುಂಡಾದ ಪಟ್ಟಿ

ಕಮಲಾಪುರದ ತೊಗರಿ ಖರೀದಿ ಕೇಂದ್ರದಿಂದ ಫೋನ್ ಬಂದಾಗ ನಾನು ಕಲಬುರಗಿಯ ಜಗತ್ ಸರ್ಕಲ್ ಹತ್ತಿರದ ನನ್ನ ಕಂಪ್ಯೂಟರ್ ಅಂಗಡಿಯಲ್ಲಿ ಒಬ್ಬ ಗಿರಾಕಿಯೊಡನೆ ಪ್ರಿಂಟರಿನ ರೇಟಿಗೆ ಜಗ್ಗಾಡುತ್ತಿದ್ದೆ. ಅವರು ಎದ್ದು ಹೋಗುವ ನಾಟಕ ಆಡುತ್ತಿದ್ದರು, ನಾನು ತಡೆಯದ ನಾಟಕ ಆಡುತ್ತಿದ್ದೆ. ಫೋನ್ ಎತ್ತಿದರೆ ಆ ಕೇಂದ್ರದ ಗುಮಾಸ್ತ.

"ಅಕ್ಕಾರ, ನಿಮ್ಮ ಕಂಪ್ಯೂಟರ್ ಮಂದೀನ್ನ ನುಂಗಾಕತ್ತದ್ರೀ."

"ನನ್ನ ಕಂಪ್ಯೂಟರ್ ಯಾರನ್ನೂ ನುಂಗಂಗಿಲ್ಲ. ಏನಾಗ್ಯದ, ನೆಟ್ಟಗ ಹೇಳು."

"ಪಹಣಿ ಇಸ್ಕೊಂಡು ಚೀಟಿ ಕೊಟ್ಟೀನ್ರೀ. ಈಗ ತೂಕಕ್ಕ ಕರೀಬೇಕಂದ್ರ ಪಟ್ಟ್ಯಾಗ ಹೆಸರ ಇಲ್ಲ. ಶನಿವಾರ ಸೆಂಟರ್ ಬಂದ್ ಮಾಡಂತ ಆರ್ಡರ್ ಬ್ಯಾರೆ ಬಂದದ. ಮಂದಿ ನನ್ನ ಕಾಲರ್ ಹಿಡ್ಯಾಕ ನಿಂತಾರ. ನೀವ ಬಂದು ಹೇಳ್ರಿ, ಇಲ್ಲಂದ್ರ ನಾ ಕೀಲಿ ಇಲ್ಲೇ ಒಗದು ಬಸ್ ಹತ್ತವನ."

ಗಿರಾಕಿ ಕೇಳಿದ ರೇಟಿಗೇ ಪ್ರಿಂಟರ್ ಕೊಟ್ಟು ಕಳಿಸಿದೆ. ನನ್ನನ್ನು ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು, ನನಗೆ ಎಷ್ಟು ಗಾಬರಿಯಾಗಿತ್ತು ಎಂದು ಅವರಿಗೆ ತಿಳಿಯುತ್ತದೆ.

ಎರಡು ಸಾವಿರದ ಇಸವಿ ದಾಟಿ ಮೂರು ನಾಲ್ಕು ವರ್ಷ ಆಗಿದ್ದ ಕಾಲ. ಕಲಬುರಗಿಯ ಒಂದು ಸಹಕಾರ ಸಂಸ್ಥೆ ಸರ್ಕಾರದ ಬೆಂಬಲ ಬೆಲೆಗೆ ರೈತರಿಂದ ತೊಗರಿ ಕೊಳ್ಳುತ್ತಿತ್ತು. ಅದಕ್ಕೆ ಸುತ್ತಲಿನ ಊರುಗಳಲ್ಲಿ ಕೇಂದ್ರಗಳಿದ್ದವು, ಕಮಲಾಪುರದ್ದು ಅದರಲ್ಲಿ ಒಂದು. ನೋಂದಣಿಯ ಪ್ರೋಗ್ರಾಂ ನನ್ನದು. ರೈತ ಪಹಣಿ ತಂದು ಹೆಸರು ಬರೆಸಬೇಕು, ನಂಬರಿನ ಚೀಟಿ ಪಡೆಯಬೇಕು, ನೋಂದಣಿ ಮುಗಿದ ಮೇಲೆ ಚೀಟಿಯ ಪಾಳಿಯಂತೆ ತೊಗರಿ ತಂದು ಕಾಂಟಾದ ಮೇಲೆ ತೂಗಿಸಬೇಕು. ಕೇಂದ್ರದ ಕಂಪ್ಯೂಟರು ಟೆಲಿಫೋನ್ ತಂತಿಯ ಮೇಲೆ ಕಿರ್ರೆಂದು ಕೂಗಿ ಕಲಬುರಗಿಯ ಮುಖ್ಯ ಕಚೇರಿಯ ದೊಡ್ಡ ಯಂತ್ರಕ್ಕೆ ಸೇರುತ್ತಿತ್ತು. ದಾಖಲೆಯೆಲ್ಲ ಅಲ್ಲಿಯೇ ಇತ್ತು. ಒಂದು ಕೇಂದ್ರದಲ್ಲಿ ಎಷ್ಟು ರೈತರಿದ್ದಾರೆ ಎಂದು ತೆರೆಯ ಮೇಲೆ ಬರುವ ಒಟ್ಟು ಸಂಖ್ಯೆ ನೋಡಿಯೇ ಮ್ಯಾನೇಜರ್ ಸಾಹೇಬರು ಕಪನೂರಿನ ಗೋದಾಮಿನಿಂದ ಖಾಲಿ ಗೋಣಿಚೀಲ ಕಳಿಸುತ್ತಿದ್ದರು. ಸಂಸ್ಥೆಯ ಮುದ್ರೆ ಇರುವ ಆ ಚೀಲ ಇಲ್ಲದೆ ತೊಗರಿ ತೂಗುವಂತಿಲ್ಲ. ಹೀಗಾಗಿ ತೆರೆಯ ಮೇಲಿನ ಒಂದು ಸಂಖ್ಯೆ ತಪ್ಪಿದರೆ ಅಂಗಳದಲ್ಲಿ ಒಬ್ಬನ ರಾಶಿ ಉಳಿಯಿತು ಎಂದೇ ಅರ್ಥ. ಉಳಿದ ರಾಶಿಯನ್ನು ಅಗ್ಗಕ್ಕೆ ಕೊಳ್ಳಲು ಅಡತದ ದಲಾಲರು ಗೇಟಿನ ಹೊರಗೆ ಕಾಯುತ್ತಿರುತ್ತಾರೆ.

ಆ ಒಟ್ಟು ಸಂಖ್ಯೆಯ ಬಗ್ಗೆ ಎರಡು ಮಾತು ಹೇಳಲೇಬೇಕು, ಜಗಳವೆಲ್ಲ ಅದರದ್ದೇ.

ಸೀರೆ ಅಂಗಡಿಯಲ್ಲಿ ಯಾರೂ ಇದ್ದ ಸೀರೆಯನ್ನೆಲ್ಲ ಗಾದಿಯ ಮೇಲೆ ಸುರಿಯುವುದಿಲ್ಲ. ಹತ್ತು ಬಿಡಿಸಿ ತೋರಿಸುತ್ತಾರೆ, ಬೇಡವೆಂದರೆ ಇನ್ನು ಹತ್ತು. ಕಂಪ್ಯೂಟರಿನ ಪಟ್ಟಿಯೂ ಹಾಗೆಯೇ. ಇಪ್ಪತ್ತು ಹೆಸರಿಗೆ ಒಂದು ಪುಟ, 'ಮುಂದೆ' ಎಂದು ಒತ್ತಿದರೆ ಮತ್ತೆ ಇಪ್ಪತ್ತು. ಆದರೆ ಒಳ್ಳೆಯ ಗಿರಾಕಿ ಮೊದಲು ಕೇಳುವುದು 'ಒಟ್ಟು ಎಷ್ಟು ಅದಾವ?' ಎಂದು. ಅದಕ್ಕೆ ಉತ್ತರ ಕೊಡಲು ಅಂಗಡಿಯವನು ಕಪಾಟನ್ನು ಎಣಿಸಬೇಕು, ಗಾದಿಯ ಮೇಲೆ ಹರವಿದ್ದನ್ನಲ್ಲ. ಆದ್ದರಿಂದ ನಾನು ದತ್ತಾಂಶಕ್ಕೆ ಎರಡು ಪ್ರಶ್ನೆ ಬರೆದಿದ್ದೆ. ಒಂದು, ಈ ಕೇಂದ್ರದಲ್ಲಿ ಒಟ್ಟು ಎಷ್ಟು ದಾಖಲೆ ಇವೆ, ಎಣಿಸಿ ಹೇಳು. ಇನ್ನೊಂದು, ಚೀಟಿ ನಂಬರಿನ ಕ್ರಮದಲ್ಲಿ ಈ ಪುಟದ ಇಪ್ಪತ್ತನ್ನು ಮಾತ್ರ ಕೊಡು.

ಎಣಿಸುವುದು ಪುಕ್ಕಟೆಯ ಕೆಲಸವಲ್ಲ. ಇಪ್ಪತ್ತು ಸಾಲು ತೆಗೆದುಕೊಟ್ಟು ಕೈ ತೊಳೆಯುವ ಯಂತ್ರ, ಒಟ್ಟು ಎಷ್ಟೆಂದು ಕೇಳಿದರೆ ಕಪಾಟೆಲ್ಲ ತಡಕಬೇಕು. ಕಚೇರಿಯ ಯಂತ್ರ ಮೊದಲೇ ಮುದಿ. ಎಲ್ಲ ಕೇಂದ್ರಗಳೂ ಒಮ್ಮೆಗೇ ಕೇಳಿದಾಗ ತೆರೆ ಬರುವುದು ನಿಧಾನವಾಯಿತು. ಔಷಧ ನನಗೆ ಗೊತ್ತಿತ್ತು. ಕೇಂದ್ರದ ಸಂಕೇತದ ಮೇಲೆ ಒಂದು ಸೂಚಿ ಕಟ್ಟಬೇಕು. ದಪ್ಪ ಪುಸ್ತಕದ ಹಿಂದೆ ಯಾವ ವಿಷಯ ಯಾವ ಪುಟದಲ್ಲಿದೆ ಎಂದು ಬರೆದಿರುತ್ತದಲ್ಲ, ಅಂಥದ್ದು. ಅದಕ್ಕೆ ಊಟದ ಹೊತ್ತಿನಲ್ಲಿ ಯಂತ್ರವನ್ನು ಸ್ವಲ್ಪ ನಿಲ್ಲಿಸಬೇಕು, ಅಷ್ಟೇ. ಕೇಳಿದೆ. ಸಾಹೇಬರು ಒಪ್ಪಲಿಲ್ಲ.

"ಸೀಜನ್‌ದಾಗ ಮಷೀನ್ ನಿಂದ್ರಸಾಕ ಬರಂಗಿಲ್ಲ ಮೇಡಂ. ನಾವು ಹೈದರಾಬಾದಿಂದ ಎಕ್ಸ್‌ಪರ್ಟ್ ಕರಸಾಕತ್ತೀವಿ."

ಬಂದ. ಕೋಟು, ಕೈಯಲ್ಲಿ ಲ್ಯಾಪ್‌ಟಾಪು, ಇಳಿದುಕೊಳ್ಳಲು ಸ್ಟೇಷನ್ ರಸ್ತೆಯ ಒಳ್ಳೆಯ ಲಾಡ್ಜು. ನನ್ನ ಅಂಗಡಿಗೆ ಒಂದು ಸಲವೂ ಬರಲಿಲ್ಲ, ನನ್ನನ್ನು ಒಂದು ಮಾತೂ ಕೇಳಲಿಲ್ಲ. ಎರಡನೆಯ ದಿನ ತೆರೆ ಮಿಂಚಿನ ಹಾಗೆ ಬರತೊಡಗಿತು. ಸಾಹೇಬರು ನನ್ನನ್ನು ಕರೆಸಿ ಚಹಾ ಕುಡಿಸಿ, "ನೋಡ್ರಿ, ಕೆಲಸಾ ಅಂದ್ರ ಹಿಂಗಿರಬೇಕು" ಅಂದರು. ನಾನು ಚಹಾ ಕುಡಿದೆ. ಇನ್ನೊಬ್ಬರ ಕೆಲಸ ಚೆನ್ನಾಗಿದ್ದರೆ ಕಲಿಯಬೇಕೆನ್ನುವವಳು ನಾನು. ಏನು ಮಾಡಿದ್ದಾರೆ ತೋರಿಸಿ ಎಂದೆ. "ಅದು ಅವರ ಟೆಕ್ನಿಕ್" ಎಂದರು.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಒಂದು ಮಾತು: ನಿಮ್ಮ ಪ್ರೋಗ್ರಾಂ ಒಳಗೆ ಬೇರೆಯವರು ಕೈ ಹಾಕಿದ ಮೇಲೆ ಚಹಾ ಕೊಟ್ಟರೆ, ಮೊದಲು ಬರೆದದ್ದನ್ನು ನೋಡಿ, ಆಮೇಲೆ ಚಹಾ ಕುಡಿಯಿರಿ.

ಫೋನ್ ಬಂದ ಗುರುವಾರ ಮಧ್ಯಾಹ್ನವೇ ಕಮಲಾಪುರದ ಬಸ್ ಹತ್ತಿದೆ. ಕೇಂದ್ರವೆಂದರೆ ರಸ್ತೆಯ ಬದಿಗೆ ಒಬ್ಬರ ಖಾಸಗಿ ಅಂಗಳ, ಒಂದು ತಗಡಿನ ಶೆಡ್ಡು, ಕಾಂಟಾ. ಒಳಗೆ ಕಾಲಿಡಲು ಜಾಗವಿಲ್ಲದಷ್ಟು ತೊಗರಿಯ ಮೂಟೆಗಳು. ಮೂಟೆಯ ಮೇಲೆ ಮಂದಿ ಕೂತಿದ್ದರು. ಗುಮಾಸ್ತ ನನ್ನನ್ನು ಕಂಡವನೇ ಎಲ್ಲರಿಗೂ ಕೇಳುವಂತೆ, "ಬಂದ್ರು ನೋಡ್ರಿ, ಕಂಪ್ಯೂಟರ್ ಮಾಡಿದವ್ರು. ಇವರನ್ನ ಕೇಳ್ರಿ, ನನ್ನ ಬಿಡ್ರಿ" ಎಂದು ಒಳಗೆ ಜಾರಿದ.

ಮೊದಲು ಎದ್ದವಳು ನಡುವಯಸ್ಸಿನ ಹೆಂಗಸು. ಹೆಸರು ಸುಂದರಾಬಾಯಿ. ಬೇರೆಯವರ ಹೊಲವನ್ನು ಕೋರಿಗೆ, ಎಂದರೆ ಬೆಳೆಯ ಪಾಲಿಗೆ, ಮಾಡುತ್ತಿದ್ದವಳು ಈ ವರ್ಷ ತನ್ನದೇ ಎರಡು ತುಂಡು ನೆಲವನ್ನೂ ಬಿತ್ತಿದ್ದಳು. ಅಂಗಳದ ಬೇವಿನ ಬುಡದಲ್ಲಿ ಮೂಟೆ ಒಟ್ಟಿಕೊಂಡು, ಕಾಯಲು ಮಗಳನ್ನೂ ಕರೆತಂದಿದ್ದಳು.

"ನೀ ಏನ ತಂಗಿ, ಯಂತ್ರದವಳು?"

"ಹೌದ್ರೀ."

"ನಿನ್ನ ಯಂತ್ರಕ್ಕ ನನ್ನ ಮ್ಯಾಗ ಏನ ಸಿಟ್ಟು? ನೋಂದಣಿ ಸುರು ಆದ ದಿನಾನ ಬಂದು ಬರೆಸೀನಿ. ಚೀಟಿ ನೋಡು. ನನ್ನ ಹಿಂದ ನಿಂತವ ತೂಕ ಮಾಡ್ಸಿ, ರೊಕ್ಕಕ್ಕ ಚೀಟಿ ತಗೊಂಡು, ಮನಿಗಿ ಹೋಗಿ, ಹೊದ್ದು ಮಲಗ್ಯಾನ. ನಾ ಇಲ್ಲಿ ಇಲಿ ಕಾಯಾಕತ್ತೀನಿ."

ಚೀಟಿ ನೋಡಿದೆ. ಮೊದಲ ದಿನದ್ದೇ ನಂಬರು. ತಡವಾಗಿ ಬಂದವರ ಹೆಸರು ತಪ್ಪಿದ್ದರೆ ಒಂದು ಕಾರಣ ಊಹಿಸಬಹುದಿತ್ತು. ಮೊದಲು ಬಂದವಳ ಹೆಸರು ಹೇಗೆ ತಪ್ಪುತ್ತದೆ? ಒಳಗೆ ಹೋಗಿ ಅವಳ ಚೀಟಿ ನಂಬರು ಹಾಕಿ ನೋಂದಣಿಯ ತೆರೆ ತೆಗೆದೆ. ದಾಖಲೆ ಇತ್ತು! ಹೆಸರು, ಊರು, ಸರ್ವೆ ನಂಬರು ಎಲ್ಲ ಬರೋಬರಿ. ಪಟ್ಟಿಯ ತೆರೆಗೆ ಬಂದರೆ ಇಲ್ಲ. ತೂಕ ಬರೆಯುವುದು ಪಟ್ಟಿಯಲ್ಲಿನ ಹೆಸರನ್ನು ಒತ್ತಿಯೇ. ಪಟ್ಟಿಯಲ್ಲಿಲ್ಲವೆಂದರೆ ತೂಕವಿಲ್ಲ.

ಪಟ್ಟಿಯ ಮೇಲೆ 'ಒಟ್ಟು ದಾಖಲೆ 500' ಎಂದಿತ್ತು. ಪಟ್ಟಿಯ ಕ್ರಮವನ್ನೂ ಹೈದರಾಬಾದಿನವನು ಬದಲಿಸಿದ್ದ. ಚೀಟಿ ನಂಬರಿನ ಬದಲು ಹೆಸರಿನ ಕ್ರಮ, ಅದೂ ಇಂಗ್ಲಿಷ್ ಅಕ್ಷರದ್ದು. ನಾನು ಅಂಗಳಕ್ಕೆ ಹೊರಬಂದು ಕೂಗಿ ಕೇಳಿದೆ: "ಯಾರ್‍ಯಾರ ಹೆಸರು ಇಲ್ಲ, ಒಬ್ಬೊಬ್ರ ಹೇಳ್ರಿ."

"ಸಿದ್ದಪ್ಪ."

"ಶಿವಲಿಂಗಪ್ಪ."

"ತಿಪ್ಪಣ್ಣ."

"ಶಿವಮ್ಮ."

"ನಂದು ಶರಣಪ್ಪ ರೀ."

"ನಂದೂ ಶರಣಪ್ಪ. ಮತ್ತ ಇವಂದೂ ಶರಣಪ್ಪ. ಆದ್ರ ನಮ್ಮ ದೊಡ್ಡಪ್ಪನ ಮಗಾ ಶರಣಪ್ಪಂದು ತೂಕ ಆಗ್ಯದ ನೋಡ್ರಿ, ಅವಂಗ ಯಾರ ವಶೀಲಿ ಅದನೋ!"

ನಗೆ ಎದ್ದಿತು. ನನಗೆ ನಗು ಬರಲಿಲ್ಲ. ಒಳಗೆ ಹೋಗಿ ಪಟ್ಟಿಯ ಕೊನೆಯ ಪುಟ ತೆಗೆದೆ. ಬಸವರಾಜ, ಭೀಮಣ್ಣ, ಮಲ್ಲಪ್ಪ ಎಲ್ಲ ದಾಟಿ ಬಂದು ಪಟ್ಟಿ ಶರಣಪ್ಪಂದಿರ ನಡುವೆ ನಿಂತಿತ್ತು. ಒಬ್ಬ ಶರಣಪ್ಪ ಒಳಗೆ, ಅವನ ಬೆನ್ನಿಗಿದ್ದ ಶರಣಪ್ಪ ಹೊರಗೆ. ಅಲ್ಲಿಂದ ಮುಂದೆ ಶಿವ, ಸಿದ್ದ, ಸುಂದರ, ತಿಪ್ಪ, ಯಲ್ಲ ಯಾರೂ ಇಲ್ಲ. ಕಲಬುರಗಿ ಸೀಮೆಯಲ್ಲಿ ಶರಣಪ್ಪ, ಶಿವಪ್ಪ, ಸಿದ್ದಪ್ಪಂದಿರನ್ನು ತೆಗೆದರೆ ಊರಲ್ಲಿ ಉಳಿಯುವುದೇನು? ಗುಡಿ ಮತ್ತು ಬಸ್‌ಸ್ಟ್ಯಾಂಡು.

ಅವನ 'ಟೆಕ್ನಿಕ್' ಆಗ ತಿಳಿಯಿತು. ಎಣಿಸುವ ಪ್ರಶ್ನೆಯನ್ನೇ ಕಿತ್ತುಹಾಕಿದ್ದ. ಅದರ ಬದಲು ಐನೂರು ಸಾಲಿಗೆ ಮಿತಿ ಹಾಕಿ ಒಮ್ಮೆಗೇ ತರಿಸಿಕೊಂಡು, ಅದನ್ನೇ ಇಪ್ಪತ್ತಿಪ್ಪತ್ತಾಗಿ ಕತ್ತರಿಸಿ ಪುಟ ಮಾಡಿದ್ದ. ತಂದ ಸಾಲುಗಳನ್ನು ಎಣಿಸಿ ಅದೇ 'ಒಟ್ಟು' ಎಂದು ಮೇಲೆ ಬರೆದಿದ್ದ. ಗಾದಿಯ ಮೇಲಿನ ಸೀರೆ ಎಣಿಸಿ ಅಂಗಡಿಯಲ್ಲಿ ಇರುವುದು ಇಷ್ಟೇ ಎಂದ ಹಾಗೆ. ವೇಗ ಬರದೆ ಏನು ಮಾಡುತ್ತದೆ!

ಗುಮಾಸ್ತನ ಮೇಜಿನಿಂದಲೇ ಅವನ ಲಾಡ್ಜಿಗೆ ಫೋನ್ ಮಾಡಿದೆ. ಅವನು ನಿರಾಳವಾಗಿ, "ಅರೆ ಮೇಡಂ, ಸ್ಪೀಡ್ ಮಾಂಗೇ, ಸ್ಪೀಡ್ ದಿಯೆ. ಅವ್ರು ಕೇಳಿದ್ರು, ನಾ ಕೊಟ್ಟೆ. ಇಪ್ಪತ್ತೈದು ಪುಟದ ಮುಂದ ಯಾರ್ ನೋಡ್ತಾರ್ರೀ?" ಎಂದ.

"ಇಪ್ಪತ್ತಾರನೇ ಪುಟದಾಗ ಇದ್ದವ್ರು ನೋಡ್ತಾರ," ಎಂದು ಫೋನ್ ಇಟ್ಟೆ.

ಇಷ್ಟಾದರೆ ಬರೀ ತಿಳಿಗೇಡಿತನ ಎಂದು ಬಿಡಬಹುದಿತ್ತು. ಮರುದಿನ ಶುಕ್ರವಾರ ಮುಖ್ಯ ಕಚೇರಿಗೆ ಹೋದಾಗ ನನ್ನ ಸಿಟ್ಟು ನೆತ್ತಿಗೇರಿತು.

ಆ ಸಂಸ್ಥೆಯಲ್ಲಿ ಮೊದಲಿನಿಂದ ಒಂದು ಪದ್ಧತಿ. ರಸಗೊಬ್ಬರ ಇರಲಿ, ಬೀಜ ಇರಲಿ, ಕೇಂದ್ರಕ್ಕೆ ಇಷ್ಟೆಂದು ಕೋಟಾ ಹಂಚುತ್ತಾರೆ. ಕೋಟಾ ಮುಗಿದರೆ ಕೇಂದ್ರ ಬಂದ್. ಹೀಗಾಗಿ ದುಂಡನೆಯ ಸಂಖ್ಯೆ ಕಂಡರೆ ಅಲ್ಲಿನವರಿಗೆ ಅದು ಕೋಟಾ ಆಗಿಯೇ ಕಾಣುತ್ತದೆ. ತೊಗರಿಗೆ ಕೋಟಾ ಇರಲಿಲ್ಲ. ಆದರೂ ಸಾಹೇಬರು ನನಗೆ ಹೆಮ್ಮೆಯಿಂದ ತೆರೆ ತೋರಿಸಿದರು.

"ನೋಡ್ರಿ ಮೇಡಂ, ಎಷ್ಟ ಶಿಸ್ತು! ದೊಡ್ಡ ಸೆಂಟರ್ ಎಲ್ಲಾ ಐದುನೂರಕ್ಕ ಬರೋಬರಿ ನಿಂತಾವ. ಒಂದ ಹೆಚ್ಚಿಲ್ಲ, ಒಂದ ಕಡಿಮಿಲ್ಲ. ಅದಕ್ಕ ಸರ್ಕ್ಯುಲರ್ ಹೊರಡಿಸೀನಿ. ಐದುನೂರು ತೂಕ ಆದ ಮ್ಯಾಗ ಸೆಂಟರ್ ಕ್ಲೋಸ್, ಅಂಗಳ ಖಾಲಿ. ಕಮಲಾಪುರದ್ದು ಶನಿವಾರ."

"ಎಲ್ಲಾ ಊರಾಗೂ ಬರೋಬರಿ ಐದುನೂರ ಮಂದಿ ಹ್ಯಾಂಗ ಇರ್ತಾರ್ರೀ ಸಾಹೇಬರ?"

"ಅದಕ್ಕ ಶಿಸ್ತು ಅನ್ನೋದು. ಎರಡು ಸಣ್ಣ ಸೆಂಟರ್‌ದಾಗ ಕಡಿಮಿ ಅದ. ಅವ್ರಿಗೆ ಮೆಮೊ ಕೊಟ್ಟೀನಿ, ಐದುನೂರ ಯಾಕ ಆಗಿಲ್ಲಂತ."

ಯಾವನೋ ಒಬ್ಬ ತನ್ನ ಅನುಕೂಲಕ್ಕೆ ಬರೆದ ಸಂಖ್ಯೆಯನ್ನು ಇವರು ಕಾನೂನು ಮಾಡಿದ್ದರು. ಸರಿಯಾಗಿ ಎಣಿಸಿದ ಸಣ್ಣ ಕೇಂದ್ರಗಳು ಅಪರಾಧಿಗಳಾಗಿದ್ದವು.

"ಕೂಡ್ರಿ, ನಿಮ್ಮ ಮುಂದನ ತೋರಸ್ತೀನಿ," ಎಂದು ಯಂತ್ರದ ಮುಂದೆ ಕುಳಿತೆ. ಆ ಸೀಜನ್ನಿಗೆ ಪ್ರೋಗ್ರಾಂ ನೋಡಿಕೊಳ್ಳುವ ಕರಾರು ನನ್ನದೇ ಇತ್ತು. ಚೌಕಾಶಿ ಮಾಡುವಾಗ ದರದಲ್ಲಿ ಇಳಿದು ಕರಾರಿನ ಮಾತಿನಲ್ಲಿ ಗಟ್ಟಿಯಾಗಿ ನಿಲ್ಲಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಆ ಕರಾರು ಇಲ್ಲದಿದ್ದರೆ ಅಂದು ಅವರು ನನಗೆ ಕುರ್ಚಿಯನ್ನೂ ಕೊಡುತ್ತಿರಲಿಲ್ಲ.

ಅವಸರದಲ್ಲಿ ಹೈದರಾಬಾದಿನವನ ಪ್ರಶ್ನೆಯನ್ನೇ ಇಟ್ಟುಕೊಂಡು, ಮಿತಿ ತೆಗೆದು, ಎಣಿಸು ಎಂದೆ. ಕಮಲಾಪುರಕ್ಕೆ ಸಾವಿರವನ್ನೂ ದಾಟಿದ ಸಂಖ್ಯೆ ಬಂತು. ಸಾಹೇಬರು ಕುರ್ಚಿಗೆ ಒರಗಿ ನಕ್ಕರು.

"ಇದೇನ್ರೀ ಇದು? ನಿನ್ನಿ ಐದುನೂರು, ಇವತ್ತ ಸಾವಿರದ ಮ್ಯಾಲ? ನಿಮ್ಮ ಕೈ ತಾಗಿದ್ರ ಮಂದಿ ಮರಿ ಹಾಕ್ತಾರೇನು?"

ಮುಖ ಉರಿಯಿತು. ಆದರೆ ಅವರ ಪ್ರಶ್ನೆ ನ್ಯಾಯವಾದದ್ದೇ. ಗುಮಾಸ್ತ ಕೊಟ್ಟ ಕೊನೆಯ ಚೀಟಿಯ ನಂಬರು ನಾನು ಬರೆದುಕೊಂಡು ಬಂದಿದ್ದೆ, ಅದು ಏಳುನೂರರ ಮೇಲೆ ಸ್ವಲ್ಪ. ಸಾವಿರ ಎಲ್ಲಿಂದ ಬಂತು? ಪ್ರಶ್ನೆಯನ್ನು ಸಾಲುಸಾಲಾಗಿ ಓದಿದೆ. ಹೊಲದ ವಿಸ್ತೀರ್ಣ ತೋರಿಸಲೆಂದು ಅವನು ಸರ್ವೆ ನಂಬರಿನ ಕೋಷ್ಟಕವನ್ನು ರೈತರ ಕೋಷ್ಟಕಕ್ಕೆ ಜೋಡಿಸಿದ್ದ. ಪಟ್ಟಿಯಲ್ಲಿ ಒಬ್ಬ ರೈತನ ಸಾಲುಗಳನ್ನು ಮತ್ತೆ ಒಂದುಗೂಡಿಸಿದ್ದರಿಂದ ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ. ಎಣಿಸುವಾಗ ಮಾತ್ರ ಸುಂದರಾಬಾಯಿಯ ಎರಡು ತುಂಡು ನೆಲಕ್ಕೆ ಇಬ್ಬರು ಸುಂದರಾಬಾಯಿಯರು ಏಳುತ್ತಿದ್ದರು. ಎಣಿಕೆಗೆ ಹೊಲ ಯಾಕೆ ಬೇಕು, ಊರ ಹೆಸರು ಯಾಕೆ ಬೇಕು? ಜೋಡಣೆಯನ್ನೆಲ್ಲ ಕಳಚಿದೆ. ರೈತರ ಕೋಷ್ಟಕ ಒಂದನ್ನೇ ಇಟ್ಟು, ರದ್ದಾದ ಚೀಟಿ ಬಿಟ್ಟು, ಕೇಂದ್ರದ ಸಂಕೇತದ ಮೇಲೆ ಎಣಿಸಿದೆ. ಊಟದ ಹೊತ್ತಾಗಿತ್ತು. ಯಾರನ್ನೂ ಕೇಳದೆ ಯಂತ್ರ ನಿಲ್ಲಿಸಿ ಸೂಚಿಯನ್ನೂ ಕಟ್ಟಿದೆ. ಡಬ್ಬಿಯ ಜೋಳದ ರೊಟ್ಟಿ ಮುಗಿಸುವುದರೊಳಗೆ ಯಂತ್ರ ಮತ್ತೆ ಎದ್ದಿತು.

ಕಮಲಾಪುರ: ಒಟ್ಟು ದಾಖಲೆ 712. ಗುಮಾಸ್ತನ ಕೊನೆಯ ಚೀಟಿಯ ನಂಬರಿನಲ್ಲಿ ರದ್ದಾದವನ್ನು ಕಳೆದರೆ ಸರಿಯಾಗಿ ಇಷ್ಟೇ ಬರುತ್ತಿತ್ತು. ತೆರೆ ಹೈದರಾಬಾದಿನವನದಕ್ಕಿಂತ ಚುರುಕಾಗಿಯೇ ಬಂತು.

ಸಾಹೇಬರು ನಗುವುದು ಬಿಟ್ಟರು. ಬಾಗಿಲು ಮುಂದೆ ಮಾಡಿ, ದನಿ ಇಳಿಸಿದರು.

"ಸರ್ಕ್ಯುಲರ್ ಮ್ಯಾಗ ಅಧ್ಯಕ್ಷರ ಸಹಿ ಆಗ್ಯದ. ಈಗ ಹಿಂದಕ್ಕ ತಗೊಂಡ್ರ ನನ್ನ ಮರ್ಯಾದಿ ಏನ್ ಆಗಬೇಕು? ನೀವು ಒಂದ ಕೆಲಸ ಮಾಡ್ರಿ. ಐದುನೂರರ ಮ್ಯಾಲಿನವ್ರನ್ನ 'ರದ್ದು' ಅಂತ ಹಾಕಿಬಿಡ್ರಿ. ಪಹಣಿ ಸರಿ ಇಲ್ಲಂತ ಕಾರಣ ಬರೀರಿ. ಮುಂದಿನ ವರ್ಷ ಎಲ್ಲಾ ಸೆಂಟರ್ ಕೆಲಸಾ ನಿಮಗ. ಹೈದರಾಬಾದ್ ಬ್ಯಾಡ, ಯಾರೂ ಬ್ಯಾಡ."

ನಾನು ಲಾಭನಷ್ಟ ನೋಡದ ಸಂತಳಲ್ಲ. ಎಲ್ಲ ಕೇಂದ್ರಗಳ ಕೆಲಸ ಎಂದರೆ ಏನೆಂದು ಮನಸ್ಸಿನಲ್ಲಿ ಗುಣಿಸಿ ನೋಡಿದೆ, ಸುಳ್ಳು ಯಾಕೆ ಹೇಳಲಿ. ಆದರೆ ವ್ಯಾಪಾರದಲ್ಲಿ ಒಂದು ಸೂತ್ರವಿದೆ. ಕೊಡುವವನು ಬಾಗಿಲು ಹಾಕಿ ಕೊಡುತ್ತಿದ್ದರೆ ಅದು ಸಾಮಾನಲ್ಲ, ಹೊರೆ.

"ಆಗ್ಲಿ ಸಾಹೇಬರ, ಇದನ್ನ ಬರೆದು ಕೊಡ್ರಿ."

"ಏನ್ ಬರೆದು ಕೊಡೋದು?"

"ಪಹಣಿ ತಪಾಸ ಮಾಡಲಾರದ ಇನ್ನೂರ ಮಂದೀನ್ನ ರದ್ದು ಮಾಡ್ರಿ ಅಂತ ಎರಡ ಸಾಲು. ಕೆಳಗ ನಿಮ್ಮ ಸಹಿ. ಈಗಿಂದೀಗ ಮಾಡಿ ಕೊಡ್ತೀನಿ."

ಅವರು ಪೆನ್ನು ತೆಗೆಯಲಿಲ್ಲ. ತೆಗೆಯುವುದಿಲ್ಲವೆಂದು ನನಗೆ ಗೊತ್ತಿತ್ತು.

"ಹಂಗಾದ್ರ ಈ ಏಳುನೂರಾ ಹನ್ನೆರಡರ ಮ್ಯಾಲರ ಸಹಿ ಮಾಡ್ರಿ. ಚೀಲ ಬಿಡಸ್ರಿ."

"ಸೋಮವಾರ ನೋಡೋಣು."

"ನಾಳಿ ಸೆಂಟರ್ ಬಂದ್ ಆಗ್ತದ ಸಾಹೇಬರ."

"ಸೋಮವಾರ ಅಂದೆ."

ಬೈದರೆ ಉತ್ತರ ಕೊಡಬಹುದು, ಕೂಗಿದರೆ ಕೂಗಬಹುದು. ಈ 'ಸೋಮವಾರ'ಕ್ಕೆ ಏನು ಮಾಡುವುದು? ಸಹಿಯೂ ಇಲ್ಲ, ನಿರಾಕರಣೆಯೂ ಇಲ್ಲ, ನಡುವೆ ಒಂದು ಶನಿವಾರ. ಆ ಶನಿವಾರದಲ್ಲಿ ಯಾರ ತೊಗರಿ ಯಾರ ಪಾಲಾಗುತ್ತದೆ ಎಂದು ಗೇಟಿನ ಹೊರಗೆ ನಿಂತ ದಲಾಲರಿಗೆ ಚೆನ್ನಾಗಿ ಗೊತ್ತಿತ್ತು.

ಅಂಗಡಿಗೆ ಬಂದು ಕುಳಿತಾಗ ನಾನು ತೀರ್ಮಾನಿಸಿದ್ದು ಸಣ್ಣ ವಿಷಯ. ಕಮಲಾಪುರದ ಪಟ್ಟಿಯನ್ನು ಕಚೇರಿಯಿಂದಲೇ ಪೂರ್ತಿ ಮುದ್ರಿಸಿಕೊಂಡು ಬಂದಿದ್ದೆ. ಚೀಟಿ ನಂಬರಿನ ಕ್ರಮದಲ್ಲಿತ್ತು, ಪ್ರತಿ ಪುಟದ ನೆತ್ತಿಯ ಮೇಲೂ ಇದು ಎಷ್ಟನೆಯ ಪುಟ, ಒಟ್ಟು ಎಷ್ಟು ಪುಟ, ಒಟ್ಟು ಎಷ್ಟು ದಾಖಲೆ ಎಂದಿತ್ತು. ಪಟ್ಟಿ ಬಚ್ಚಿಡುವ ವಸ್ತುವಲ್ಲ. ನೋಂದಣಿಯಾದವರ ಹೆಸರನ್ನು ಕೇಂದ್ರದ ಬಾಗಿಲಿಗೆ ಅಂಟಿಸಬೇಕೆಂದು ಸಂಸ್ಥೆಯದೇ ನಿಯಮ. ಯಾರೂ ಅಂಟಿಸುತ್ತಿರಲಿಲ್ಲ, ಅಷ್ಟೇ. ಅಂಟಿಸಿದರೆ ಮುಂದಿನ ವರ್ಷದ ಕೆಲಸ ಹೋಯಿತು. ಒಂದು ಡಬ್ಬಿ ಗೋಂದು ತೆಗೆದುಕೊಂಡೆ.

ಶನಿವಾರ ನಾನು ಕಮಲಾಪುರ ತಲುಪುವಾಗ ಕೇಂದ್ರಕ್ಕೆ ಕೀಲಿ ಬಿದ್ದಿತ್ತು. ಅಂಗಳದ ಮಾಲೀಕ ಬೆಳಿಗ್ಗೆಯೇ ಸರ್ಕ್ಯುಲರ್ ಹಿಡಿದು ಬಂದು ಜಾಗ ಖಾಲಿ ಮಾಡಿಸಿದ್ದ. ಬೇವಿನ ಬುಡ ಖಾಲಿ. ಕೆಲವರು ಮೂಟೆಗಳನ್ನು ರಸ್ತೆಯಂಚಿಗೆ ಎಳೆದುಕೊಂಡು ಕೂತಿದ್ದರು, ದಲಾಲರ ಟೆಂಪೊ ತುಂಬುತ್ತಿತ್ತು.

"ಆ ಸುಂದರಾಬಾಯಿ?" ಎಂದು ಗುಮಾಸ್ತನನ್ನು ಕೇಳಿದೆ.

"ಹೋತ್ರೀ ಅಕ್ಕಾರ. ಮುಂಜಾನಿನ ಕೊಟ್ಟಳು. ದಲಾಲ ಕೇಳಿದ ರೇಟಿಗೆ. ಮೂಟಿ ತಲಿ ಮ್ಯಾಲ ಹೊತ್ಕೊಂಡು ಎಲ್ಲಿ ಹೋಗ್ಬೇಕು ಆಕಿ?"

ಡಬ್ಬಿ ಬಿಚ್ಚಿ ಬಾಗಿಲಿಗೆ ಗೋಂದು ಹಚ್ಚತೊಡಗಿದೆ. ಗುಮಾಸ್ತ "ನನಗ ಗೊತ್ತಿಲ್ಲಪ್ಪ, ನಾ ನೋಡೇ ಇಲ್ಲ" ಎನ್ನುತ್ತಲೇ ಕಾಗದದ ತುದಿ ಹಿಡಿದುಕೊಟ್ಟ. ಬಾಗಿಲು ಸಾಲದೆ ಗೋಡೆಗೂ ಬಂತು. ರಸ್ತೆಯಂಚಿನವರು ಎದ್ದು ಬಂದರು. ಓದು ಬರುವ ಒಬ್ಬ ಬೆರಳಿಟ್ಟು ಓದುತ್ತ ಹೋದ. ಶಿವಲಿಂಗಪ್ಪ ಇದ್ದಾನೆ. ಸಿದ್ದಪ್ಪ ಇದ್ದಾನೆ. ಶರಣಪ್ಪಂದಿರು ಎಲ್ಲ ಇದ್ದಾರೆ. ಟೆಂಪೊಗೆ ಏರಿಸಿದ್ದ ಎರಡು ಮೂಟೆಗಳನ್ನು ಯಾರೋ ಇಳಿಸಿದರು. ದಲಾಲ ನನ್ನ ಕಡೆ ತಿರುಗಿ, "ಬಾಯಾರ, ನಿಮಗ್ಯಾಕ ಬೇಕಿತ್ರೀ ಈ ಉಸಾಬರಿ?" ಎಂದ.

"ನಿಮಗ ಸೋವಿ ಸಿಗಬಾರದಂತ," ಎಂದೆ.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿನಲ್ಲೇ ರೈತರು ಕಲಬುರಗಿಗೆ ಬಂದರು. ಕೂಗಾಡಲಿಲ್ಲ. ಗೋಡೆಯಿಂದ ಕಿತ್ತ ಪುಟಗಳನ್ನು ಸಾಹೇಬರ ಮೇಜಿನ ಮೇಲೆ ಒಂದರ ಪಕ್ಕ ಒಂದು ಹರವಿ, ಒಬ್ಬೊಬ್ಬರಾಗಿ ತಮ್ಮ ಹೆಸರಿನ ಮೇಲೆ ಬೆರಳಿಟ್ಟು ನಿಂತರು. ಬೆರಳು ತೆಗೆಯಲಿಲ್ಲ. ಹಿಂದಿನವರಿಗೆ ಮೇಜಿನಲ್ಲಿ ಜಾಗ ಸಾಲದೆ ನೆಲದ ಮೇಲೆ ಹರವಿಕೊಂಡರು. ಸಾಹೇಬರು ಮಧ್ಯಾಹ್ನದ ಹೊತ್ತಿಗೆ ಸಹಿ ಹಾಕಿದರು. ಹೊಸ ಸರ್ಕ್ಯುಲರ್ ಬಂತು: ರೈತರ ಹಿತದೃಷ್ಟಿಯಿಂದ ವ್ಯವಸ್ಥಾಪಕರು ಮಿತಿಯನ್ನು ಸಡಿಲಿಸಿದ್ದಾರೆ. ಇಲ್ಲದ ಮಿತಿಯನ್ನು ಸಡಿಲಿಸಿದ ಪುಣ್ಯಾತ್ಮರು! ಮುಂದಿನ ವರ್ಷದ ಕೆಲಸವನ್ನು ನನಗೆ ಕೊಡದೆ ಹೈದರಾಬಾದಿನವನಿಗೇ ಕೊಟ್ಟರು. ಅವನು ಅದೇ ಮಿತಿಯನ್ನು ಐದು ಸಾವಿರಕ್ಕೆ ಏರಿಸಿದನೆಂದು ಆಮೇಲೆ ಕೇಳಿದೆ. ಅದಾದರೂ ಎಷ್ಟು ವರ್ಷಕ್ಕೆ ಸಾಕಾದೀತು?

ಕಪನೂರಿನಿಂದ ಚೀಲದ ಲಾರಿ ಬಂದು ಕಮಲಾಪುರದ ಕಾಂಟಾ ಮತ್ತೆ ಏಳುವಾಗ ನಾನೂ ಅಲ್ಲಿದ್ದೆ. ಪಟ್ಟಿ ಸರಿಯಾಗಿ ನಡೆಯುತ್ತದೋ ನೋಡಬೇಕಿತ್ತು. ನಡೆಯಿತು. ಗುಮಾಸ್ತ ಚೀಟಿಯ ಕ್ರಮದಲ್ಲಿ ಕೂಗಿದ, ಬಂದವರದು ತೂಕವಾಯಿತು. ಕೆಲವು ಹೆಸರಿಗೆ ಮಾತ್ರ ಅಂಗಳದಿಂದ ಉತ್ತರ ಬರಲಿಲ್ಲ. ಅವನು ಎರಡು ಸಲ ಕೂಗಿ, ತೆರೆಯ ಮೇಲೆ ಒಂದು ಪದ ಆರಿಸಿ ಮುಂದೆ ಹೋಗುತ್ತಿದ್ದ. ಆರಿಸಲು ಇದ್ದದ್ದು ಎರಡೇ: 'ತೂಕ ಆಯಿತು', 'ರೈತ ಬಂದಿಲ್ಲ'.

"ಸುಂದರಾಬಾಯಿ," ಎಂದು ಕೂಗಿದ.

"ಹೂಂ," ಎಂದಳು. ಗೇಟಿನ ಹತ್ತಿರ ನಿಂತಿದ್ದಳು, ಕೈ ಬರಿದು. "ತೊಗರಿ ತಂದಿಲ್ಲಪ್ಪ. ನನ್ನ ಪಹಣಿ ವಾಪಸ್ ಕೊಡು."

ಗುಮಾಸ್ತ ಪಹಣಿ ಹುಡುಕಿಕೊಟ್ಟ. ಆಮೇಲೆ ಅಭ್ಯಾಸದಂತೆ ತೆರೆಯ ಕಡೆ ತಿರುಗಿದ.

"ಏನ್ ಬರ್ಯಾಕತ್ತಿ ನನ್ನ ಹೆಸರಿನ ಮುಂದ?"

"ಬಂದಿಲ್ಲಂತ. ಇದ ಒಂದ ಅದ, ಮತ್ತೇನಿಲ್ಲ ಇದ್ರಾಗ."

"ಯಾಕ ಬಂದಿಲ್ಲಂತ ಬರಿತಿ?" ದನಿ ಏರಿಸಲಿಲ್ಲ. "ನಾ ಬಂದೀನಿ. ನೀವ ಇದ್ದಿಲ್ಲ."

ಗುಮಾಸ್ತ ನನ್ನ ಮುಖ ನೋಡಿದ. "ಅಕ್ಕಾರ, ನೀವ ಕೂಡ್ರಿ," ಎಂದು ಕುರ್ಚಿ ಬಿಟ್ಟ.

ಕುಳಿತೆ. ತಂತಿ ಕಿರ್ರೆಂದು ಕೂಗಿ ಕಲಬುರಗಿಗೆ ಸೇರಿತು. ಆರಿಸುವ ಪದಗಳಿಗೆ ಮೂರನೆಯದೊಂದನ್ನು ಸೇರಿಸಿದೆ: 'ಕೇಂದ್ರ ಮುಚ್ಚಿತ್ತು.' ಆ ಪದ ಹತ್ತಿದ ದಾಖಲೆಗಳನ್ನು ಬೇರೆಯಾಗಿ ಎಣಿಸಿ, ಒಟ್ಟು ಸಂಖ್ಯೆಯ ಪಕ್ಕದಲ್ಲೇ, ಪ್ರತಿ ಪುಟದ ನೆತ್ತಿಯ ಮೇಲೂ ಬರುವಂತೆ ಮಾಡಿದೆ. ಸಾಹೇಬರು ಮೊದಲ ಪುಟದಾಚೆ ಎಂದೂ ಹೋಗುವವರಲ್ಲ. ಹೋಗುವುದು ಬೇಡ, ಮೊದಲ ಪುಟದಲ್ಲೇ ಕಾಣಲಿ.

ನಂತರ ಸುಂದರಾಬಾಯಿಯ ಹೆಸರಿನ ಮುಂದೆ ಅದನ್ನು ಆರಿಸಿದೆ. ನೆತ್ತಿಯ ಮೇಲಿನ ಸೊನ್ನೆ ಒಂದಾಯಿತು. ಗುಮಾಸ್ತ ನನ್ನ ಹಿಂದೆ ನಿಂತು, ತಾನು 'ರೈತ ಬಂದಿಲ್ಲ' ಎಂದು ಬರೆದಿದ್ದ ಹೆಸರುಗಳನ್ನೂ ಬದಲಿಸಲೆಂದು ಮೊದಲಿನಿಂದ ಒಂದೊಂದಾಗಿ ಓದಿ ಹೇಳತೊಡಗಿದ.